ಚಂದ್ರಾಬಾಯಿಯ ಖಾಸಗಿ ಗಿರಣಿ

ಚಂದ್ರಾಬಾಯಿ ಮದುವೆಯಾಗಿ ತಿಕೋಟಾಕ್ಕೆ ಬಂದದ್ದು ಕನ್ನಡ ನಾಡು ಒಂದಾದ ಮರುವರ್ಷ. ತವರು ವಿಜಾಪುರ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ. ಅಪ್ಪ ಕರೆಪ್ಪ ಮುನಸಿಪಾಲ್ಟಿಯಲ್ಲಿ ಜವಾನನಾಗಿದ್ದ, ಮಗಳನ್ನು ನಾಲ್ಕನೆಯ ಇಯತ್ತೆಯವರೆಗೆ ಓದಿಸಿದ್ದ. ಓಣಿಯ ತಿರುವಿನಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಯಾರ ಬುಟ್ಟಿ ಮೊದಲು ಬಂತೋ ಅವರದು ಮೊದಲು. ಬುಟ್ಟಿ ಯಾವ ಓಣಿಯಿಂದ ಬಂತೆಂದು ವಿಚಾರಿಸುವಷ್ಟು ಪುರಸೊತ್ತು ಆ ಗಿರಣಿಯವನಿಗೆ ಇರಲಿಲ್ಲ.

ತಿಕೋಟಾದಲ್ಲಿ ಗಂಡನ ಮನೆ ಊರಿನ ಹೊರಗೆ, ಹಳ್ಳದ ದಂಡೆಯ ಕೇರಿಯಲ್ಲಿ. ಮನೆಯಲ್ಲಿ ಇದ್ದವಳು ಅತ್ತೆ ಪರಸವ್ವ ಒಬ್ಬಳೇ. ಗಂಡ ಶಾಂತಪ್ಪ ವಿಜಾಪುರದ ಹತ್ತಿ ಜಿನ್ನಿನಲ್ಲಿ ಇಂಜಿನ್ ಮಿಸ್ತ್ರಿಯ ಕೈಕೆಳಗೆ ಕೆಲಸ ಮಾಡುತ್ತಿದ್ದ. ವಾರಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಿದ್ದ. ಸೊಸೆ ಬಂದು ನಾಲ್ಕು ದಿನವಾಗಿರಬೇಕು, ಹಿಟ್ಟು ತೀರಿತು. ಚಂದ್ರಾಬಾಯಿ ಜೋಳ ಹಸನು ಮಾಡಿ ಬುಟ್ಟಿಗೆ ತುಂಬಿ, ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡಳು.

"ಈಗ ಬ್ಯಾಡವಾ. ಸಂಜೀಕ ಹೋಗು," ಎಂದಳು ಪರಸವ್ವ. "ನಮ್ಮದು ಸಂಜೀಕ ಬೀಸ್ತಾರ."

"ಸಂಜೀತನಕ ರೊಟ್ಟಿ ಎದರ್ಲೆ ಬಡೀಲಿ ಅತ್ತಿ?" ಎಂದು ನಕ್ಕು ಚಂದ್ರಾಬಾಯಿ ಹೊರಟೇ ಬಿಟ್ಟಳು. ಅತ್ತೆಯ ಮಾತಿನ ಅರ್ಥ ಅವಳಿಗೆ ಆಗಿರಲಿಲ್ಲ.

ಗಿರಣಿ ಪೇಟೆಯ ತುದಿಯಲ್ಲಿತ್ತು. ತಗಡಿನ ಛಾವಣಿ, ಹೊಗೆ ಹಿಡಿದ ಗೋಡೆ, ದೂರದಿಂದಲೇ ಕೇಳುವ ಇಂಜಿನ್ನಿನ ಕುಕ್ ಕುಕ್ ಸಪ್ಪಳ. ಒಳಗೆ ಏಳೆಂಟು ಬುಟ್ಟಿ ಸಾಲಾಗಿದ್ದವು. ಚಂದ್ರಾಬಾಯಿ ತನ್ನದನ್ನು ಕೊನೆಗೆ ಇಟ್ಟಳು. ಅದರ ಮುಂದಿನ ಬುಟ್ಟಿಯ ಹೆಂಗಸು ತನ್ನ ಬುಟ್ಟಿಯನ್ನು ಒಂದು ಮೊಳ ಮುಂದಕ್ಕೆ ಎಳೆದುಕೊಂಡಳು. ಕಾಳು ಸುರಿಯುತ್ತಿದ್ದ ಆಳು ಕೈ ನಿಲ್ಲಿಸಿ ಮಾಲಕನ ಕಡೆ ನೋಡಿದ.

ಮಾಲಕ ಅಮರಪ್ಪ ಬಾಗಿಲ ಹತ್ತಿರ ಕಟ್ಟಿಗೆಯ ಬಾಕಿನ ಮೇಲೆ ಕೂತಿದ್ದ. ಸಿಡುಕಿನ ಮನುಷ್ಯನಲ್ಲ. ದನಿ ಎತ್ತಿ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

"ಯಾರ ಪೈಕಿ ನೀ?"

"ಪರಸವ್ವನ ಸೊಸಿರಿ."

"ಪರಸವ್ವ ಹೇಳಿಲ್ಲೇನು? ನಿಮ್ದು ಎಲ್ಲಾರದು ಆದ ಮ್ಯಾಲೆ." ಅವನು ತಿಳಿಯದವರಿಗೆ ಹೇಳುವ ಹಾಗೆ ಸಾವಕಾಶವಾಗಿ ಬಿಡಿಸಿ ಹೇಳಿದ. "ಒಬ್ಬರದು ಬೀಸಿದ ಮ್ಯಾಲೆ ಕಲ್ಲಿನ ನಡುವ ಒಂದೀಟು ಹಿಟ್ಟು ಉಳಿತೈತಿ. ಅದು ಹಿಂದ ಬಂದವರ ಹಿಟ್ಟಿನಾಗ ಕೂಡತೈತಿ. ನಿಮ್ದು ಕಡೀಕ ಬೀಸಿ, ನಾ ನನ್ನ ಎರಡು ಬೊಗಸಿ ಜೋಳಾ ಹಾಕಿ ಕಲ್ಲು ಹಸನ ಮಾಡಸ್ತೀನಿ. ಆ ಹಿಟ್ಟು ದನಕ್ಕ ಹಾಕ್ತೀನಿ. ಯಾರಿಗೂ ತ್ರಾಸ ಇಲ್ಲ."

"ವಿಜಾಪುರದಾಗ ಹಿಂಗ ಇಲ್ರಿ."

"ವಿಜಾಪುರದ್ದು ವಿಜಾಪುರಕ್ಕ. ಇದನ್ನೇನು ಸರ್ಕಾರದ ಗಿರಣಿ ಅಂತ ತಿಳದೀಯೇನು? ಇದು ಖಾಸಗಿ."

ಖಾಸಗಿ ಎಂದರೆ ನಾಲ್ಕು ಜನರ ಮುಂದೆ ಆಡಬಾರದ ಮಾತು ಎಂದಷ್ಟೇ ಚಂದ್ರಾಬಾಯಿಗೆ ಗೊತ್ತಿತ್ತು. ಗಿರಣಿಗೂ ಆ ಶಬ್ದಕ್ಕೂ ಏನು ಸಂಬಂಧವೋ ಹೊಳೆಯಲಿಲ್ಲ.

"ಹಂಗಂದ್ರ ಏನ್ರಿ?"

"ನಂದು ಅಂತ. ನಮ್ಮ ಅಡಗಿಮನಿ ಹೆಂಗೋ ಹಂಗ. ನಮ್ಮ ಅಡಗಿಮನಿಯೊಳಗ ನೀ ಬರ್ತೀಯೇನು?"

"ಅಡಗಿಮನ್ಯಾಗ ಮಂದಿ ಕಡೆ ಕೂಲಿ ಇಸ್ಕೊಂಡು ಬೀಸ್ತೀರೇನ್ರಿ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಮರಪ್ಪನ ಮುಖ ಬಿಗಿಯಿತು. ಅವನು ಆಳಿನ ಕಡೆ ನೋಡಿ ಗದ್ದ ಆಡಿಸಿದ. ಆಳು ಕೈಯಿಂದ ಮುಟ್ಟದೆ ಕಾಲಿನಿಂದ ಬುಟ್ಟಿಯನ್ನು ಹೊಸ್ತಿಲಾಚೆ ನೂಕಿದ. ಬುಟ್ಟಿ ಮಗುಚಿ ಜೋಳ ಅಂಗಳದ ತುಂಬ ಚೆಲ್ಲಿತು. ಚಂದ್ರಾಬಾಯಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಬೊಗಸೆ ಬಳಿದು ತುಂಬಿಕೊಂಡಳು. ಕೋಳಿಗಳು ಓಡಿ ಬಂದವು. ಒಳಗೆ ಇಂಜಿನ್ನು ಓಡುತ್ತಲೇ ಇತ್ತು. ನಕ್ಕವರೂ ಈಗ ನಗಲಿಲ್ಲ. ಬಗ್ಗಿ ಒಂದು ಕಾಳು ಎತ್ತಿ ಕೊಟ್ಟವರೂ ಇಲ್ಲ.

ಶಾಂತಪ್ಪ ಮಾತು ಕಡಿಮೆಯ ಮನುಷ್ಯ. ಆ ವಾರ ಊರಿಗೆ ಬಂದವನು ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿಸಿಕೊಂಡ. ಮರುದಿನ ಹೆಂಡತಿಯನ್ನು ವಿಜಾಪುರಕ್ಕೆ ಕರೆದುಕೊಂಡು ಹೋಗಿ ಗುರಲಿಂಗಪ್ಪ ವಕೀಲರ ಮನೆಯ ಕಟ್ಟೆಯ ಮೇಲೆ ಕೂರಿಸಿದ. ಜಿನ್ನಿನ ವ್ಯವಹಾರಗಳನ್ನು ನೋಡುತ್ತಿದ್ದ ವಕೀಲರು, ಶಾಂತಪ್ಪನ ಗುರುತು ಇತ್ತು.

"ಅವ್ರು ಖಾಸಗಿ ಅಂದ್ರು ಸಾಹೇಬ್ರ," ಎಂದಳು ಚಂದ್ರಾಬಾಯಿ. "ಹಂಗಂದ್ರ ಯಾರನ್ನ ಬೇಕಾದ್ರೂ ಹೊರಗ ಹಾಕಬಹುದೇನ್ರಿ?"

"ಖಾಸಗಿ ಅಂದ್ರ ಒಡೆತನ ಸರ್ಕಾರದ್ದಲ್ಲ, ಅವರದು ಅಂತ. ಅಷ್ಟ," ಎಂದರು ವಕೀಲರು. "ಇಂಜಿನ್ ಅವರದು, ಲಾಭ ಅವರದು, ಲುಕ್ಸಾನ ಅವರದು. ಮಾರೂದಾದ್ರ ಮಾರಲಿ, ಮುಚ್ಚೂದಾದ್ರ ಮುಚ್ಚಲಿ. ಆದರ ಬಾಗಲಾ ತಗದು ಮಂದೀದು ಬೀಸಾಕ ಕುಂತ ಮ್ಯಾಲೆ ಕಾನೂನು ಆ ಬಾಗಲದೊಳಗೂ ಬರತೈತಿ. ಎರಡು ವರ್ಷ ಆತು, ಅಸ್ಪೃಶ್ಯತಾ ಮಾಡಬಾರದು ಅಂತ ಕಾಯ್ದೆ ಬಂದು. ಎಲ್ಲಾರಿಗೂ ಯಾವಾಗ, ಎಲ್ಲಿ, ಹೆಂಗ ಬೀಸಿ ಕೊಡ್ತಾರೋ, ನಿಮಗೂ ಆವಾಗ, ಅಲ್ಲೇ, ಹಂಗ ಬೀಸಿ ಕೊಡಬೇಕು."

ಅವರೇ ಅರ್ಜಿ ಬರೆದು ಕೊಟ್ಟರು. ಹದಿನೈದು ದಿನಕ್ಕೆ ಪೊಲೀಸ್ ಫೌಜದಾರರು ತಿಕೋಟಾಕ್ಕೆ ಬಂದು ಚಾವಡಿಯಲ್ಲಿ ಕೂತು ಅಮರಪ್ಪನನ್ನು ಕರೆಸಿದರು. ಅವನು ಕೈ ಮುಗಿದು ಎಲ್ಲದಕ್ಕೂ ಹೂಂ ಅಂದ. ಮರುದಿನದಿಂದ ಕೇರಿಯ ಹೆಂಗಸರ ಬುಟ್ಟಿಗಳು ಮುಂಜಾನೆಯೇ ಸಾಲಿನಲ್ಲಿ ಕೂತವು. ಪರಸವ್ವ ಕೂಡ ಒಂದು ದಿನ ಹೋಗಿ ಬಂದಳು. ಬಿಸಿ ಹಿಟ್ಟಿನಲ್ಲಿ ಕೈ ಇಟ್ಟು, "ಹಗಲಹೊತ್ತಿನಾಗ ಹಿಟ್ಟು ತಂದದ್ದು ಇದ ಮೊದಲು," ಅಂದಳು.

ಅಷ್ಟರಲ್ಲಿ ಜೋಳದ ಸುಗ್ಗಿ ಬಂತು. ಪ್ರತಿ ವರ್ಷ ಕೊಯ್ಯಲಿಕ್ಕೆ, ತೆನೆ ಮುರಿಯಲಿಕ್ಕೆ, ರಾಶಿಗೆ ಕೇರಿಯವರನ್ನೇ ಕರೆಯುತ್ತಿದ್ದರು. ಆ ವರ್ಷ ಯಾರೂ ಕರೆಯಲಿಲ್ಲ. ನಿಡೋಣಿಯಿಂದ ಗಾಡಿ ಕಟ್ಟಿ ಆಳುಗಳನ್ನು ತಂದರು. ಕೇರಿಯ ಹೆಂಗಸರು ಕುಡಗೋಲು ಹಿಡಿದುಕೊಂಡು ಹೋಗಿ ಹಾಗೆಯೇ ತಿರುಗಿ ಬಂದರು. ಯಾವ ಹೊಲದವರೂ ಬೈಯಲಿಲ್ಲ; ಆಳು ಸಿಕ್ಕಾರ, ಈ ವರ್ಷ ಬ್ಯಾಡ ಎಂದರು. ಒಂದು ಸಂಜೆ ಕೇರಿಯ ಹಿರಿಯರು ಬಂದು ಪರಸವ್ವನ ಅಂಗಳದಲ್ಲಿ ಕೂತರು. ಸಿಟ್ಟಿನಿಂದ ಬಂದವರಲ್ಲ.

"ಹಿಟ್ಟು ಮುಂಜಾನೆ ಸಿಗಲಿ, ಸಂಜೀಕ ಸಿಗಲಿ, ಹೆಂಗರ ಆಗತೈತಿ ಯವ್ವಾ," ಎಂದ ಒಬ್ಬ ಮುದುಕ. "ಬೀಸಾಕ ಕಾಳರ ಬೇಕಲ್ಲ."

ಚಂದ್ರಾಬಾಯಿ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳೇ ವಿಜಾಪುರಕ್ಕೆ ಹೋಗಿ ತಕರಾರಿಲ್ಲ ಎಂದು ಸಹಿ ಮಾಡಿ ಬಂದಳು. ಬುಟ್ಟಿಗಳು ಮತ್ತೆ ಸಂಜೆಯ ಪಾಲಿಗೆ ಹೋದವು. ಅವಳು ಮಾತ್ರ ಆಮೇಲೆ ಆ ಗಿರಣಿಯ ಹೊಸ್ತಿಲು ತುಳಿಯಲಿಲ್ಲ. ಅತ್ತೆಯ ಎದುರಿಗೆ ಕಾಲು ಚಾಚಿ ಕೂತು ಬೀಸುಕಲ್ಲಿನ ಗೂಟ ಹಿಡಿದಳು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಜಡ್ಡುಗಟ್ಟಿತು. ಮಗಳು ಹುಟ್ಟಿದ ಮೇಲೂ ಹಾಗೆಯೇ ಬೀಸಿದಳು.

ಹೀಗೆ ನಾಲ್ಕೈದು ವರ್ಷ ಕಳೆದವು. ಜಿನ್ನಿನವರು ಕರೆಂಟಿನ ಮೋಟರು ತರಿಸಿ, ಹಳೆಯ ಎಣ್ಣೆ ಇಂಜಿನ್ನನ್ನು ಮೂಲೆಗೆ ತಳ್ಳಿದರು. ಅದನ್ನು ಇಪ್ಪತ್ತು ವರ್ಷ ಓಡಿಸಿದ ಮಿಸ್ತ್ರಿ ಬುಡ್ಡೇಸಾಬ ಗುಜರಿಗೆ ಹೋಗುವುದನ್ನು ನೋಡಲಾರದೆ ತಾನೇ ಕೊಂಡುಕೊಂಡ. ಕೊಂಡ ಮೇಲೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹೇಳಿದವನು ಶಾಂತಪ್ಪ. ಇಂಜಿನ್ ಬುಡ್ಡೇಸಾಬನದು, ಜಾಗ, ಕಲ್ಲು, ದುಡಿಮೆ ಶಾಂತಪ್ಪನದು, ಅರ್ಧರ್ಧ ಪಾಲು.

"ಅವರ ಗಿರಣಿಯೊಳಗ ಪಾಳಿ ಸಲುವಾಗಿ ಬಡದಾಡೂದಕ್ಕಿಂತ ನಮ್ಮದ ಒಂದು ಹಚ್ಚೋಣು," ಎಂದು ಅವನು ಮನೆಯಲ್ಲಿ ಹೇಳಿದಾಗ ಚಂದ್ರಾಬಾಯಿ ನಂಬಲಿಲ್ಲ.

"ನಮ್ಮ ಗಿರಣಿಗೆ ಮಂದಿ ಬರ್ತಾರೇನು?"

"ಬರಲಿಲ್ಲಂದ್ರ ನಮ್ಮ ಕೇರಿ ಐತಲ್ಲ. ಅವರೂ ಉಣ್ಣತಾರ."

ಲೈಸೆನ್ಸಿಗಾಗಿ ಗಂಡಹೆಂಡತಿ ಇಬ್ಬರೂ ಪಂಚಾಯ್ತಿಗೆ ಹೋದರು. ಸೆಕ್ರೆಟರಿ ಹೊಸಬ, ಬಾಗಲಕೋಟೆ ಕಡೆಯವನು. ಪೆನ್ನು ಹಿಡಿದು ಕೇಳಿದ: "ಸರ್ಕಾರದ್ದಲ್ಲ. ಸಹಕಾರಿ ಸಂಘದ್ದೇನು?"

"ಅಲ್ರಿ. ನಾನೂ ಬುಡ್ಡೇಸಾಬ ಮಿಸ್ತ್ರೀನೂ ಪಾಲುದಾರ್ರು," ಎಂದ ಶಾಂತಪ್ಪ.

"ಹಂಗಾದ್ರ ಖಾಸಗಿ."

ಬಾಗಿಲಲ್ಲಿ ನಿಂತಿದ್ದ ಚಂದ್ರಾಬಾಯಿಗೆ ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದ ಹಾಗಾಯಿತು. "ನಮ್ಮಂಥವ್ರದಕ್ಕೂ ಅದ ಹೆಸರೇನ್ರಿ ಸಾಹೇಬ್ರ?"

ಸೆಕ್ರೆಟರಿ ತಲೆಯೆತ್ತಿ ನೋಡಿದ. ಪ್ರಶ್ನೆ ಅವನಿಗೆ ವಿಚಿತ್ರವಾಗಿ ಕಂಡಿರಬೇಕು. "ಯಾರದಾದ್ರೂ ಅದ ಹೆಸರು ತಂಗಿ. ಒಬ್ಬರು ಮಾಡಲಿ, ಪಾಲು ಕೂಡಿ ಮಾಡಲಿ. ಸ್ಟ್ಯಾಂಡಿನ ಚಾದಂಗಡೀನೂ ಖಾಸಗಿ, ಸೋಲಾಪುರದ ದೊಡ್ಡ ದೊಡ್ಡ ನೂಲಿನ ಗಿರಣೀನೂ ಖಾಸಗಿ. ಸರ್ಕಾರ ನಡಸೂದು ಒಂದು ಬಾಜು, ಮಂದಿ ತಾವ ರೊಕ್ಕಾ ಹಾಕಿ ನಡಸೂದು ಒಂದು ಬಾಜು. ನೀವು ಈ ಬಾಜುಕ ಬಂದ್ರಿ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು. ಅಮರಪ್ಪ ಆ ಶಬ್ದವನ್ನು ಅಗಳಿ ಹಾಕಿದ ಹಾಗೆ ಆಡಿದ್ದ. ಈ ಮನುಷ್ಯ ಕಾಳಿನ ಜಾತಿ ಹೇಳಿದಂತೆ, ಇದು ಜೋಳ, ಇದು ಸಜ್ಜೆ ಎನ್ನುವಂತೆ ಆಡಿ ಮುಂದಿನ ಕೆಲಸಕ್ಕೆ ಹೋದ. ಒಂದೇ ಶಬ್ದ ಎರಡು ಬಾಯಲ್ಲಿ ಹೀಗೆ ಬೇರೆಯಾಗುವುದು ಹೇಗೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಇಂಜಿನ್ನು ವಿಜಾಪುರದಿಂದ ಎರಡು ಜೋಡಿ ಎತ್ತಿನ ಗಾಡಿಯ ಮೇಲೆ ಬಂತು. ಬಬಲೇಶ್ವರಕ್ಕೆ ಹೋಗುವ ದಾರಿಯ ಮಗ್ಗುಲಿಗೆ, ಕೇರಿಗೂ ಊರಿಗೂ ನಡುವಿನ ಜಾಗದಲ್ಲಿ ಶೆಡ್ಡು ಎದ್ದಿತು. ಮೊದಲ ಎರಡು ತಿಂಗಳು ಕೇರಿಯ ಬುಟ್ಟಿಗಳು ಬಿಟ್ಟರೆ ಬೇರೆ ಬರಲಿಲ್ಲ. ಊರವರು ಆ ದಾರಿಯಲ್ಲಿ ಹೋಗುವಾಗ ಒಳಗೆ ಇಣುಕಿ ನೋಡುತ್ತಿದ್ದರು, ನಿಲ್ಲುತ್ತಿರಲಿಲ್ಲ.

ಮೊದಲು ನಿಂತವಳು ಮಲಕವ್ವ. ಕುರುಬರ ಹೆಂಗಸು, ಗಿರಣಿಯ ಆಚೆ ಮಡ್ಡಿಯ ಮೇಲೆ ಅವರ ಕುರಿದೊಡ್ಡಿ. ಬುಟ್ಟಿ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡು, "ಬೀಸಿ ಕೊಡಬೇ. ಆದರ ಮೊದಲ ನನ್ನ ಒಂದು ಬೊಗಸಿ ಹಾಕಿ ಕಲ್ಲು ಹಸನ ಮಾಡು," ಎಂದಳು.

ಶಾಂತಪ್ಪ ಆಗಲೇ ಬೊಗಸೆ ಒಡ್ಡಿದ್ದ. ಚಂದ್ರಾಬಾಯಿ ಅಡ್ಡ ಬಂದಳು.

"ಹಂಗ ಮಾಡಾಕ ಬರಂಗಿಲ್ಲ. ನಿನ್ನ ಮುಂದಿನಾಕೀದು ಚೂರು ಹಿಟ್ಟು ನಿನ್ನ ಹಿಟ್ಟಿನಾಗ ಬರತೈತಿ. ನಿಂದು ನಿನ್ನ ಹಿಂದ ಬಂದಾಕೀಗಿ ಹೋಗತೈತಿ. ಒಪ್ಪಿದ್ರ ಬೀಸ್ತೀವಿ."

ಮಲಕವ್ವ ಅವಳನ್ನೇ ನೋಡಿದಳು. ಬುಟ್ಟಿ ಎತ್ತಿಕೊಂಡು ಹೊರಟು ಹೋದಳು.

"ಊರ ಕಡೆಯಿಂದ ಬಂದ ಮೊದಲನೇ ಗಿರಾಕಿ," ಎಂದ ಶಾಂತಪ್ಪ ನಿಟ್ಟುಸಿರು ಬಿಟ್ಟು.

"ಹೋಗಲಿ. ಆ ಎರಡು ಬೊಗಸಿ ನಮ್ಮ ಗಿರಣ್ಯಾಗೂ ಬೀಸಬೇಕಂದ್ರ ನಾ ಬೀಸುಕಲ್ಲ ತಿರುವತೀನಿ."

ಕೆಲವು ವಾರಗಳ ಮೇಲೆ ಮಲಕವ್ವ ಮತ್ತೆ ಬಂದಳು. ಬುಟ್ಟಿಯನ್ನು ಸಾಲಿನಲ್ಲಿ ದಪ್ಪನೆ ಇಟ್ಟು, "ಪೇಟಿತನಕ ಹೋಗಿ ಬರೂದ್ರಾಗ ಕುರಿ ಮಂದಿ ಹೊಲಾ ಹೊಗತಾವ. ಬೀಸು, ಏನ ಕೂಡತೈತೋ ಕೂಡ್ಲಿ," ಎಂದಳು. ಅವಳ ಹಿಂದೆ ದೊಡ್ಡಿಯ ಬೇರೆ ಹೆಂಗಸರು ಬಂದರು. ಕಳ್ಳಕವಟಗಿಯಿಂದ ಸಂತೆಗೆ ಬರುವವರು ಹೋಗುವಾಗ ಬುಟ್ಟಿ ಇಟ್ಟು ಬರುವಾಗ ಹಿಟ್ಟು ಒಯ್ದರು. ಶಾಂತಪ್ಪ ವಾರಕ್ಕೊಮ್ಮೆ ಕಲ್ಲು ಬಿಚ್ಚಿ ಉಳಿ ಹಿಡಿದು ಹೊಸದಾಗಿ ಕಟೆಯುತ್ತಿದ್ದ. ಹಿಟ್ಟು ಅರಳೆಯಂತೆ ಬೀಳುತ್ತಿತ್ತು. ಜಿನ್ನಿನ ಕೆಲಸ ಬಿಟ್ಟು ಅವನು ಪೂರ್ತಿ ಊರಲ್ಲೇ ನಿಂತ. ಗಂಡ ಕಾಳು ಸುರಿಯುವುದು, ಹೆಂಡತಿ ಹಿಟ್ಟು ಹಿಡಿಯುವುದು, ಇಬ್ಬರೂ ಬಿಳಿ ರೆಪ್ಪೆ ಬಡಿಯುತ್ತ ಒಬ್ಬರನ್ನೊಬ್ಬರು ನೋಡಿ ನಗುವುದು. ಚಂದ್ರಾಬಾಯಿಯ ಬದುಕಿನಲ್ಲಿ ಅವು ಒಳ್ಳೆಯ ವರ್ಷಗಳು. ಬಹಳ ಇರಲಿಲ್ಲ.

ಅದು ಶ್ರಾವಣ. ಜಿಟಿಜಿಟಿ ಮಳೆಗೆ, ಇಂಜಿನ್ನಿನಿಂದ ಕಲ್ಲು ತಿರುಗಿಸುವ ಪಟ್ಟಾ ತೇವ ಹಿಡಿದು ಜಾರುತ್ತಿತ್ತು. ಸಾಲು ದೊಡ್ಡದಿತ್ತು. ಇಂಜಿನ್ ನಿಲ್ಲಿಸಿದರೆ ಮತ್ತೆ ಎಬ್ಬಿಸುವುದು ಕಷ್ಟವೆಂದು ಶಾಂತಪ್ಪ ಓಡುವ ಚಕ್ರಕ್ಕೇ ಪಟ್ಟಾ ಏರಿಸಲು ಹೋದ. ಧೋತರದ ಚುಂಗು ಸಿಕ್ಕಿತು. ಚಂದ್ರಾಬಾಯಿ ಒದರುತ್ತ ಓಡಿ ಎಣ್ಣೆಯ ನಳ ತಿರುವಿದಳು, ಆದರೆ ಅಷ್ಟು ದೊಡ್ಡ ಚಕ್ರ ತನ್ನ ಓಟ ಮುಗಿಸದೆ ನಿಲ್ಲುವುದಿಲ್ಲ. ವಿಜಾಪುರದ ದವಾಖಾನೆಗೆ ಒಯ್ಯುವ ದಾರಿಯಲ್ಲೇ, ಅರಕೇರಿ ದಾರಿ ಕೂಡುವ ಹತ್ತಿರ, ಅವನ ಉಸಿರು ನಿಂತಿತು. ತಲೆ ಅವಳ ತೊಡೆಯ ಮೇಲೆಯೇ ಇತ್ತು. ಕೂದಲಲ್ಲಿ ಇನ್ನೂ ಹಿಟ್ಟು ಇತ್ತು.

ಗಿರಣಿ ಮುಚ್ಚಿತು. ಅಪ್ಪ ಕರೆಪ್ಪ ಬಂದು, "ಮಗಳನ ಕರ್ಕೊಂಡು ವಿಜಾಪುರಕ್ಕ ನಡಿ," ಎಂದ. ಅಮರಪ್ಪ ಇನ್ನೊಬ್ಬರ ಬಾಯಲ್ಲಿ, ಇಂಜಿನ್ ಕೊಡುವುದಾದರೆ ತಾನು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ. ಪರಸವ್ವ ಮೂಲೆ ಹಿಡಿದು ಕೂತಳು. ಸೂತಕದ ದಿನಗಳು ಮುಗಿದ ಮೇಲೆ ಬುಡ್ಡೇಸಾಬ ಬಂದ. ಶೆಡ್ಡಿನ ಬಾಗಿಲು ತೆಗೆಸಿ, ಇಂಜಿನ್ನಿನ ಮೈಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ನಿಂತ.

"ಇದು ನಿನ್ನ ಗಂಡನ್ನ ತಿಂದೈತಿ, ಮಾರು ಅಂದ್ರ ಇವತ್ತ ಮಾರತೀನಿ," ಎಂದ. "ನಡಸತೀನಿ ಅಂದ್ರ ಕಲಸತೀನಿ. ನೀ ಪಾಲುದಾರಳು. ನಿನ್ನ ಮಾತ ಆಗ್ಲಿ ಮಗಳ."

"ಹೆಣ್ಣಮಕ್ಕಳ ಕೈಲೆ ಇದು ಏಳತೈತೇನು ಕಾಕಾ?"

"ಒಬ್ಬಾಕಿ ಕೈಲೆ ಏಳಂಗಿಲ್ಲ. ಇಬ್ಬರು ಹಿಡದ್ರ ಏಳತೈತಿ."

ಇನ್ನೊಬ್ಬಳಾಗಿ ಬಂದವಳು ಮಲಕವ್ವ. ಯಾರೂ ಕರೆದಿರಲಿಲ್ಲ. ಬುಡ್ಡೇಸಾಬ ಅಲ್ಲೇ ಉಳಿದು ಎಣ್ಣೆ ಬಿಡುವುದು, ಗಾಳಿ ತೆಗೆಯುವುದು, ಹ್ಯಾಂಡಲ್ಲು ಒದೆಯುವ ಮೊದಲೇ ಕೈ ಬಿಡುವುದು ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದ. ಇಬ್ಬರು ಹೆಂಗಸರು ಕಚ್ಚೆ ಬಿಗಿದು ಹ್ಯಾಂಡಲ್ಲಿಗೆ ಜೋತುಬಿದ್ದು ತಿರುವಿದರು. ಮೊದಲ ದಿನ ಏಳಲಿಲ್ಲ, ಎರಡನೆಯ ದಿನವೂ ಇಲ್ಲ. ಮುಂದೊಂದು ಮುಂಜಾನೆ ಕೊಳವೆಯಿಂದ ಕರಿ ಹೊಗೆ ಕಾರಿ ಕುಕ್ ಕುಕ್ ಎಂದಾಗ ಕೇರಿಯ ಜನ ಓಡಿ ಬಂದು ಬಾಗಿಲಲ್ಲಿ ನಿಂತರು. ಚಂದ್ರಾಬಾಯಿ ಮುಖ ಆಚೆ ತಿರುಗಿಸಿ ಗೋಡೆ ಹಿಡಿದು ಅತ್ತಳು. ಗಂಡ ಸತ್ತ ಮೇಲೆ ಅವಳು ದನಿ ತೆಗೆದು ಅತ್ತದ್ದು ಅದೇ ಮೊದಲು. ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಅಮರಪ್ಪನಿಗೆ ಲಕ್ವಾ ಹೊಡೆಯಿತು. ಎಡಗಡೆ ಪೂರ್ತಿ ಬಿದ್ದುಹೋಯಿತು. ಮಕ್ಕಳಿಬ್ಬರು ಜಗಳಾಡಿ ಗಿರಣಿ ಬಿಚ್ಚಿ ಮಾರಿದರು; ಒಬ್ಬ ವಿಜಾಪುರದಲ್ಲಿ ಅರಿವೆ ಅಂಗಡಿ ಇಟ್ಟ, ಇನ್ನೊಬ್ಬ ಹೆಂಡತಿಯ ಊರಿಗೆ ಹೋದ. ಈಗ ಊರಿಗೆ ಇದ್ದದ್ದು ಚಂದ್ರಾಬಾಯಿಯ ಗಿರಣಿ ಒಂದೇ. ಎಲ್ಲರೂ ಬಂದರು. ಅಂದು ಬುಟ್ಟಿ ಮುಂದಕ್ಕೆ ಎಳೆದುಕೊಂಡವಳೂ ಬಂದಳು. ಚಂದ್ರಾಬಾಯಿ ಎಲ್ಲರದನ್ನೂ ಬೀಸಿ ಕೊಟ್ಟಳು. ಮಾತು ಒರಟಾಗಿತ್ತು, ಕೈ ಚುರುಕಾಗಿತ್ತು.

ಒಂದು ಮುಂಜಾನೆ ಅಮರಪ್ಪನ ಹೆಂಡತಿ ಹನಮವ್ವ ಬುಟ್ಟಿ ಹೊತ್ತು ಬಂದಳು. ಮೊದಲೆಲ್ಲ ಆಳಿನ ಕೈಯಲ್ಲಿ ಕಳಿಸುತ್ತಿದ್ದ ಮನೆ, ಈಗ ಆಳು ಇರಲಿಲ್ಲ. ಬಾಗಿಲಲ್ಲಿ ಬಗ್ಗಿ ಬುಟ್ಟಿಯನ್ನು ಸಾಲಿನ ತುದಿಗೆ ಇಟ್ಟಳು.

ಚಂದ್ರಾಬಾಯಿ ನೋಡಿದಳು. ಎದ್ದು ಬಂದು ಬುಟ್ಟಿಯನ್ನು ಎತ್ತಿ ಮೂಲೆಗೆ ಇಟ್ಟಳು.

"ನಿಮ್ದು ಎಲ್ಲಾರದು ಆದ ಮ್ಯಾಲೆ."

"ಯಾಕಬೇ?" ಎಂದಳು ಅಲ್ಲೇ ಇದ್ದ ಮಲಕವ್ವ ಬೆರಗಾಗಿ.

"ಖಾಸಗಿ ಗಿರಣಿ ಐತಿ. ನನ್ನ ಮನಸಿಗೆ ಬಂದಂಗ ನಡಸತೀನಿ."

ಕೇರಿಯ ಹೆಂಗಸರಲ್ಲಿ ಇಬ್ಬರು ಮೂವರು ಮುಖ ಮುಖ ನೋಡಿಕೊಂಡು ನಕ್ಕರು.  ಹನಮವ್ವ ಹೊರಗೆ ಬೇವಿನ ಗಿಡದ ಬುಡದಲ್ಲಿ ಕಲ್ಲಿನ ಮೇಲೆ ಹೋಗಿ ಕೂತಳು. ಅವಳ ಹಿಂದೆ ಬಂದ ಬುಟ್ಟಿಗಳು ಬೀಸಿಕೊಂಡು ಹೋದವು. ಆಮೇಲೆ ಬಂದವೂ ಹೋದವು. ಬಿಸಿಲು ಏರಿತು. ಗಿಡದ ನೆರಳು ಸರಿದ ಹಾಗೆ ಮುದುಕಿಯೂ ಕಲ್ಲು ಬಿಟ್ಟು ನೆಲದ ಮೇಲೆ ಸರಿದು ಕೂತಳು. ಚಂದ್ರಾಬಾಯಿ ಕಾಳು ಸುರಿಯುತ್ತಿದ್ದಳು, ಆದರೆ ಕಣ್ಣು ಮೇಲಿಂದ ಮೇಲೆ ಬಾಗಿಲಿಗೆ ಹೋಗುತ್ತಿತ್ತು. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ದಿನ ಇದು. ಬಂದಿತ್ತು. ಬಂದದ್ದರಲ್ಲಿ ರುಚಿ ಏನೂ ಇರಲಿಲ್ಲ. ಹಾಗೆಂದು ಬಿಡಲಿಕ್ಕೂ ಮನಸ್ಸು ಬರಲಿಲ್ಲ.

ಮಧ್ಯಾಹ್ನ ಪರಸವ್ವ ಕೋಲೂರಿಕೊಂಡು ಸೊಸೆಗೆ ಬುತ್ತಿ ತಂದಳು. ಗಿಡದ ಕೆಳಗೆ ಯಾರೆಂದು ಕಣ್ಣು ಕಿರಿದು ಮಾಡಿ ನೋಡಿ, ಹತ್ತಿರ ಹೋದಳು. ಇಬ್ಬರು ಮುದುಕಿಯರು ಏನು ಮಾತಾಡಿದರೋ ಒಳಗಿದ್ದವರಿಗೆ ಕೇಳಲಿಲ್ಲ. ಪರಸವ್ವ ತಂಬಿಗೆ ಮುಂದೆ ಹಿಡಿದದ್ದು ಕಂಡಿತು. ಹನಮವ್ವ ಇಸಿದುಕೊಂಡಳು. ಎತ್ತಿ ಕುಡಿಯಲಿಲ್ಲ, ತುಟಿಗೆ ಹಚ್ಚಿಯೇ ಕುಡಿದಳು.

ಪರಸವ್ವ ಬುತ್ತಿಯನ್ನು ಹೊಸ್ತಿಲ ಮೇಲೆ ಇಟ್ಟು ಒಳಗೆ ಬಂದಳು. ಮಗ ಸತ್ತ ಮೇಲೆ ಆ ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ. ಇಂಜಿನ್ನಿನ ಸಪ್ಪಳಕ್ಕೆ ಮಿಗಿಲಾಗಿ ಒದರಿದಳು:

"ಇದರ ಸಲುವಾಗಿ ಸತ್ತನೇನ ನನ್ನ ಮಗ?"

 ಚಂದ್ರಾಬಾಯಿಯ ಕೈಯಲ್ಲಿದ್ದ ಬುಟ್ಟಿ ಅರ್ಧ ಖಾಲಿಯಾಗಿತ್ತು. ಅದನ್ನು ಪೂರ್ತಿ ಸುರಿದಳು, ಬೀಸಿ ಮುಗಿಯುವವರೆಗೆ ತಲೆಯೆತ್ತಲಿಲ್ಲ. ಆಮೇಲೆ ಮೂಲೆಗೆ ಹೋಗಿ ಹನಮವ್ವನ ಬುಟ್ಟಿ ಎತ್ತಿ ತಂದಳು. ಮುಸುಕು ತೆಗೆದರೆ ರೇಶನ್ ಅಂಗಡಿಯ ಪರದೇಶದ ಕೆಂಪು ಜೋಳ. ಬರಗಾಲದ ಆ ವರ್ಷ ಊರಲ್ಲಿ ಎಲ್ಲರ ಬುಟ್ಟಿಯಲ್ಲಿದ್ದದ್ದೂ ಅದೇ.

ಹಿಟ್ಟು ಕಟ್ಟಿಕೊಳ್ಳುವಾಗ ಹನಮವ್ವ ಮೆಲ್ಲಗೆ ಹೇಳಿದಳು. "ಆವತ್ತ ನಾನೂ ಗಿರಣ್ಯಾಗ ಇದ್ದೆ. ಒಳಗ ಕೂತು ಜೋಳಾ ಹಸನ ಮಾಡಾಕತ್ತಿದ್ದೆ. ನೀ ಅಂಗಳದಾಗ ಬಳಕೊಳ್ಳೂದು ನೋಡಿದೆ. ಎದ್ದು ಬರ್ಲಿಲ್ಲ."

 ಬುಟ್ಟಿ ಭಾರವಿತ್ತು. ಚಂದ್ರಾಬಾಯಿ ಒಂದು ಕಡೆ ಕೈ ಹಚ್ಚಿ ಮುದುಕಿಯ ತಲೆಯ ಮೇಲೆ ಏರಿಸಿದಳು.

ಮುಂದಿನ ಸಲ ಬುಡ್ಡೇಸಾಬ ಬಂದಾಗ ಅವನೊಬ್ಬನ ಮುಂದೆ ಅವಳು ಅದನ್ನು ಆಡಿದಳು. "ಆ ಖಾಸಗಿ ಅನ್ನೂ ಮಾತು ನನ್ನ ಬಾಯಾಗ ಭಾಳ ಹಗರ ಬಂತು ಕಾಕಾ. ನಾ ಹುಡುಕಲೇ ಇಲ್ಲ, ತಾನ ಬಂತು."

ಬುಡ್ಡೇಸಾಬ ನಟ್ಟು ಬಿಗಿಯುತ್ತಿದ್ದ. "ಮಾಲಕರ ಬಾಯಾಗ ಹಂಗ ಬರತೈತಿ," ಎಂದ. "ನಾನೂ ಮಾಲಕ ಆದ ಮ್ಯಾಲೆ ಮನ್ಯಾಗ ಎರಡು ಸಲ ಆಡೇನಿ."

ಅಂದಿನಿಂದ ಸಾಲಿನ ಹೊಣೆಯನ್ನು ಚಂದ್ರಾಬಾಯಿ ಅತ್ತೆಗೆ ವಹಿಸಿದಳು. ಪರಸವ್ವ ಬಾಗಿಲಲ್ಲಿ ಗೋಣಿತಟ್ಟು ಹಾಸಿಕೊಂಡು ಕೂತು, ಬಂದ ಬಂದ ಬುಟ್ಟಿಯನ್ನು ಕೋಲಿನಿಂದ ಸಾಲಿಗೆ ಹಚ್ಚುತ್ತಿದ್ದಳು. ಪಾಟೀಲರ ಮನೆಯದೂ ಅಷ್ಟೇ, ಅವಳ ಸ್ವಂತ ತಂಗಿಯದೂ ಅಷ್ಟೇ. ಹನಮವ್ವ ಬಂದರೆ ಚಂದ್ರಾಬಾಯಿ ಮಾತಾಡಿಸುತ್ತಿರಲಿಲ್ಲ, ಪಾಳಿ ತಪ್ಪಿಸುತ್ತಲೂ ಇರಲಿಲ್ಲ. ಒಂದು ಸಲ ಎಣ್ಣೆಯ ಡಬ್ಬಿ ಹೊತ್ತು ಪೇಟೆಯಿಂದ ಬರುವಾಗ ಅಮರಪ್ಪ ಅಂಗಳದ ಹೊರಸಿನ ಮೇಲೆ ಮಲಗಿದ್ದದ್ದು ಕಂಡಿತು. ಅವಳನ್ನು ನೋಡಿ ಅವನು ಏನೋ ಹೇಳಲು ಹೋದ. ಸೊಟ್ಟ ಬಾಯಿಯಿಂದ ಬಂದದ್ದು ಒಂದೂ ತಿಳಿಯಲಿಲ್ಲ. ಬೈಗುಳವೋ, ಮತ್ತೇನೋ. ಅವನು ಸಾಕಾಗಿ ಸುಮ್ಮನಾಗುವ ತನಕ ಅವಳು ಡಬ್ಬಿ ಇಳಿಸದೆ ನಿಂತಿದ್ದು, ಆಮೇಲೆ ಹೋದಳು. ಆ ಮಳೆಗಾಲ ಅವನು ತೀರಿಕೊಂಡ. ಮಣ್ಣಿಗೆ ಅವಳು ಹೋಗಲಿಲ್ಲ. ಆ ದಿನ ಊರಿನ ಪದ್ಧತಿಯಂತೆ ಗಿರಣಿ ಮಾತ್ರ ಬಂದ್ ಇಟ್ಟಳು.

ಅರವತ್ತೊಂಬತ್ತರಲ್ಲಿ ಬಬಲೇಶ್ವರದ ಪೇಟೆಯಲ್ಲಿ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಅಲ್ಲಿ ಕರೆಂಟು ಬಂದಿತ್ತು. ಚಂದ್ರಾಬಾಯಿ ಮತ್ತು ಬುಡ್ಡೇಸಾಬ ಕೂಡಿ ಎರಡನೆಯ ಗಿರಣಿ ಹಚ್ಚಿದರು. ತಿಕೋಟಾದ್ದನ್ನು ಮಲಕವ್ವ ನೋಡಿಕೊಂಡಳು, ಅವಳಿಗೂ ಅದರಲ್ಲಿ ಒಂದು ಪಾಲು ಆಯಿತು. ಹೊಸ ಗಿರಣಿಗೆ ಹ್ಯಾಂಡಲ್ಲು ಇರಲಿಲ್ಲ, ಗುಂಡಿ ಒತ್ತಿದರೆ ಮೋಟರು ತಿರುಗುತ್ತಿತ್ತು. ಶುರುಮಾಡುವ ದಿನ ನಿಡೋಣಿ ಕಡೆಯ ಹೆಂಗಸರು ಆಗಲೇ ಬಾಗಿಲಲ್ಲಿ ಬುಟ್ಟಿ ಇಟ್ಟು ಕೂತಿದ್ದರು. ವಾಯರ್‌ಮನ್ನು ಅವಸರ ಮಾಡಿದ.

"ತಡಿ," ಎಂದಳು ಚಂದ್ರಾಬಾಯಿ. ಕಮ್ಮಾರನಿಂದ ಮಾಡಿಸಿ ತಂದಿದ್ದ ಕಬ್ಬಿಣದ ಜಾಳಿಗೆಯನ್ನು ಪಟ್ಟಾದ ಸುತ್ತ ನಿಲ್ಲಿಸಿ ಬೋಲ್ಟು ಹಾಕಿಸಿದಳು. ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದಳು. ಮತ್ತೊಂದು ಸಲ ಜಗ್ಗಿದಳು. ಅಲುಗಲಿಲ್ಲ. ಸೆರಗು ಸೊಂಟಕ್ಕೆ ಬಿಗಿದುಕೊಂಡು, "ಈಗ ಹಚ್ಚು," ಎಂದಳು.